ಪ್ರಯಾಣ ಮಾಡದೆ ಎಲ್‌ಟಿಸಿ ಹಣ ಸಿಗುತ್ತಾ?

ಎಲ್‌ಟಿಸಿ ಅಂದರೆ ರಜೆಯಲ್ಲಿ ಪ್ರಯಾಣ ಮಾಡುವ ನೌಕರರಿಗೆ ಸರ್ಕಾರ ಕೊಡುವ ಪ್ರಯಾಣ ವೆಚ್ಚ. "ಕೇಂದ್ರ ಸರ್ಕಾರಿ ನೌಕರರು ಎಲ್ಲಿಗೂ ಹೋಗಬೇಕಿಲ್ಲ, ಎಲ್‌ಟಿಸಿ ಹಣ ನೇರ ಕೈಗೆ" ಅನ್ನೋ ಮೆಸೇಜ್ ಗ್ರೂಪ್‌ಗಳಲ್ಲಿ ಆಗಾಗ ಓಡಾಡುತ್ತದೆ. ಇದು ತಪ್ಪು. ಆದರೆ ಪೂರ್ತಿ ಕಟ್ಟುಕಥೆಯೂ ಅಲ್ಲ, ನಂಬುವವರು ಜಾಸ್ತಿ ಇರೋದು ಅದಕ್ಕೇ.

2020ರ ಅಕ್ಟೋಬರ್‌ನಲ್ಲಿ, ಕೋವಿಡ್‌ನಿಂದ ಓಡಾಟ ಕಷ್ಟವಾಗಿದ್ದಾಗ, ಇಂಥದ್ದೊಂದು ವಿಶೇಷ ಯೋಜನೆ ಬಂದಿತ್ತು. ಆಗಲೂ ಹಣ ಸುಮ್ನೆ ಕೊಡಲಿಲ್ಲ. ಪ್ರಯಾಣ ದರದ ಪೂರ್ತಿ ಮೊತ್ತ ಬೇಕಿದ್ದರೆ ಅದರ ಮೂರು ಪಟ್ಟು ಖರ್ಚು ಮಾಡಬೇಕಿತ್ತು, ಅದೂ 12% ಅಥವಾ ಅದಕ್ಕಿಂತ ಜಾಸ್ತಿ ಜಿಎಸ್‌ಟಿ ಇರುವ ವಸ್ತು, ಸೇವೆಗಳಿಗೆ, ಡಿಜಿಟಲ್ ಪಾವತಿಯಲ್ಲೇ. ಖರೀದಿಯ ಗಡುವು 2021ರ ಮಾರ್ಚ್ 31ಕ್ಕೆ ಮುಗಿಯಿತು.

ಮಾಮೂಲಿ ನಿಯಮದಲ್ಲಿ ಪ್ರಯಾಣ ಮಾಡಲೇಬೇಕು. ಹೊರಡುವ ಮೊದಲೇ ಕಚೇರಿಗೆ ತಿಳಿಸಬೇಕು. ಮುಂಗಡ ಪಡೆದಿದ್ದರೆ ವಾಪಸ್ ಬಂದ ಒಂದು ತಿಂಗಳೊಳಗೆ, ಇಲ್ಲದಿದ್ದರೆ ಮೂರು ತಿಂಗಳೊಳಗೆ ಬಿಲ್ ಸಲ್ಲಿಸಬೇಕು. ರಾಜ್ಯ ನೌಕರರ ನಿಯಮಗಳು ಬೇರೆ.

ಇಂಥ ಮೆಸೇಜ್ ಬಂದಾಗ ಜೊತೆಗಿರುವ ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಎಷ್ಟೋ ಸಲ ಆದೇಶದ ಮೇಲ್ಭಾಗವೇ ಕತ್ತರಿಸಿ ಹೋಗಿರುತ್ತದೆ, ಸಂಖ್ಯೆ ಮತ್ತು ದಿನಾಂಕ ಇರೋದೇ ಅಲ್ಲಿ ಅಲ್ವಾ? ಅವು ಸಿಕ್ಕರೆ ಇಲಾಖೆಯ ಜಾಲತಾಣದಲ್ಲಿ ಹುಡುಕಿ, ಯಾವ ವರ್ಷದ್ದು, ಎಲ್ಲಿಯವರೆಗೆ ಜಾರಿ ಅಂತ ಓದಿ. ಆಗದಿದ್ದರೆ ಟಿಕೆಟ್ ಬುಕ್ ಮಾಡುವ ಮೊದಲು ಕಚೇರಿಯಲ್ಲಿ ಬಿಲ್ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ.