ಓಡಲಾರದವರಿಗೆ ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಅವಳು ಒಂದು ಸಲ ಅಂದು ಸುಮ್ಮನಾದಳು. ಹವ್ಯಾಸಿ ಓಟಗಾರರು ಅಷ್ಟಕ್ಕೆ ಬಿಡುವ ಪೈಕಿ ಅಲ್ಲ. ನೆಲ ಯಾವ ಕಡೆಗೆ ಡೊಂಕು, ಎಷ್ಟು ಡೊಂಕು, ಆ ಡೊಂಕಿನಿಂದ ಕಿಲೋಮೀಟರಿಗೆ ಎಷ್ಟು ಸೆಕೆಂಡು ಹೋಯಿತು ಅಂತ ಗ್ರಾಫ್ ಸಮೇತ ತೋರಿಸುತ್ತಾರೆ.

ಬೇಕಾದರೆ ಯಾರನ್ನಾದರೂ "ಹೇಗಾಯ್ತು ರೇಸ್?" ಅಂತ ಕೇಳಿ ನೋಡಿ. "ನಿಧಾನ ಓಡಿದೆ" ಅನ್ನುವ ಉತ್ತರ ಜನ್ಮದಲ್ಲಿ ಬರುವುದಿಲ್ಲ. ಮೊದಲ ಹತ್ತು ಕಿಲೋಮೀಟರ್ ಡಾಂಬರು ಚೆನ್ನಾಗಿತ್ತು, ಆಮೇಲೆ ಕಾಂಕ್ರೀಟ್ ಬಂತು, ಕಾಂಕ್ರೀಟ್ ಬಂದ ಮೇಲೆ ಮಂಡಿ ಹಿಡಿಯಿತು, ಮಂಡಿ ಹಿಡಿದ ಹೊತ್ತಿಗೆ ಸೇತುವೆ ಬಂತು, ಸೇತುವೆ ಇಳಿದರೆ ಎದುರುಗಾಳಿ, ಗಾಳಿ ನಿಂತಿತು ಅನ್ನುವಷ್ಟರಲ್ಲಿ ರಸ್ತೆಯೇ ಅಂಚಿನ ಕಡೆಗೆ ವಾಲಿಕೊಂಡಿತ್ತು, ಎಡಗಾಲು ಗಿಡ್ಡ ಬಲಗಾಲು ಉದ್ದ ಆದಂಗಾಯ್ತು. ಇಷ್ಟೆಲ್ಲ ಕೇಳಿದ ಮೇಲೆ ನಮಗೇ ರಸ್ತೆಯ ಮೇಲೆ ಕೇಸು ಹಾಕೋಣ ಅನಿಸುತ್ತದೆ.

ಓಟದ ಲೋಕದಲ್ಲಿ ನೆಲಕ್ಕೂ ಮೇಲು ಕೀಳು ಇದೆ. ಎಲ್ಲಕ್ಕಿಂತ ಮೇಲೆ ಕಾಡಿನ ಮಣ್ಣುಹಾದಿ. ಅಲ್ಲಿ ಬೇರು ಎಡವಿ ಬಿದ್ದರೂ ಅದು ಅನುಭವ. ಆಮೇಲೆ ಹುಲ್ಲು. ಎಲ್ಲರೂ ಹುಲ್ಲು ಒಳ್ಳೆಯದು ಅನ್ನುತ್ತಾರೆ, ಯಾರೂ ಅದರ ಮೇಲೆ ಓಡುವುದಿಲ್ಲ. ಆಮೇಲೆ ಸಿಂಥೆಟಿಕ್ ಟ್ರ್ಯಾಕ್, ಆಮೇಲೆ ಡಾಂಬರು. ಕಟ್ಟಕಡೆಗೆ, ಮುಟ್ಟಲೂ ಬಾರದ ಜಾಗದಲ್ಲಿ, ಕಾಂಕ್ರೀಟ್. ಈ ಶ್ರದ್ಧೆ ಎಲ್ಲಿಗೆ ಮುಟ್ಟಿದೆ ಅಂದರೆ, ಅಗಲವಾದ ಕಾಂಕ್ರೀಟ್ ಫುಟ್‌ಪಾತ್ ಖಾಲಿ ಬಿದ್ದಿರುತ್ತದೆ, ಓಟಗಾರ ಮಾತ್ರ ಅದರ ಪಕ್ಕದ ಡಾಂಬರಿಗೆ ಇಳಿದಿರುತ್ತಾನೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ, ಕಿವಿಯಲ್ಲಿ ಹಾಡು ಓಡುತ್ತಿದೆ, ಮೊಣಕೈಗೂ ಬಸ್ಸಿನ ಕನ್ನಡಿಗೂ ಗೇಣು ಅಂತರ. ಯಾಕಪ್ಪಾ ಅಂದರೆ, ಕಾಂಕ್ರೀಟ್ ಮಂಡಿಗೆ ಒಳ್ಳೆಯದಲ್ಲ!

ಮಂಡಿಯ ಕಥೆ ಬೇರೆಯೇ ಇದೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಓಟಗಾರರನ್ನು ಮೆತ್ತನೆಯ ನೆಲದ ಮೇಲೂ ಗಟ್ಟಿ ನೆಲದ ಮೇಲೂ ಓಡಿಸಿ ಅಳೆದು ನೋಡಿದರು. ನೆಲ ಮೆತ್ತಗಾದರೆ ಕಾಲು ತಾನೇ ಬಿಗಿಯಾಗುತ್ತದೆ, ನೆಲ ಗಟ್ಟಿಯಾದರೆ ಕಾಲು ತಾನೇ ಸಡಿಲವಾಗುತ್ತದೆ. ಅದೂ ಹೊಸ ನೆಲಕ್ಕೆ ಬಿದ್ದ ಮೊದಲ ಹೆಜ್ಜೆಯಲ್ಲೇ. ಅಂದರೆ ತಲೆ ಇನ್ನೂ "ಅಯ್ಯೋ ಕಾಂಕ್ರೀಟ್" ಅಂತ ಗೋಳಾಡುವ ಮೊದಲೇ ಕಾಲು ಲೆಕ್ಕ ಮುಗಿಸಿರುತ್ತದೆ. ಈ ವಿಷಯ ಹೇಳಿದರೆ ಯಾರಿಗೂ ಖುಷಿಯಾಗುವುದಿಲ್ಲ. ಅಂಗಡಿಯವನಿಗೆ ಮಾರಲು ಏನೂ ಉಳಿಯುವುದಿಲ್ಲ, ಓಟಗಾರನಿಗೆ ಬೈಯಲು ಏನೂ ಉಳಿಯುವುದಿಲ್ಲ.

ನೆಲದಿಂದ ಏನೂ ಆಗುವುದಿಲ್ಲ ಅಂತಲ್ಲ. 1977ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಾಲಿನ ಸ್ಪ್ರಿಂಗಿಗೆ ಹೊಂದುವ ಹಾಗೆ ಲೆಕ್ಕ ಹಾಕಿ ಒಂದು ಒಳಾಂಗಣ ಟ್ರ್ಯಾಕ್ ಕಟ್ಟಿದರು. ಅದರ ಮೇಲೆ ಓಡಿದವರ ವೇಗ ಶೇಕಡಾ 2–3ರಷ್ಟು ಹೆಚ್ಚಿತು, ಗಾಯಗಳೂ ಕಡಿಮೆಯಾದವು. ಒಳ್ಳೆಯದೇ ಆಯಿತು. ಆದರೆ ಊರಿನ ರಸ್ತೆಯನ್ನೆಲ್ಲ ಹಾಗೆ ಕಟ್ಟುವುದಕ್ಕೆ ಆಗುವುದಿಲ್ಲವಲ್ಲ. ಹಾಗಾಗಿ ನೆಲವನ್ನು ಕಾಲಿಗೇ ಕಟ್ಟಿಕೊಂಡು ಓಡೋಣ ಅಂತ ತೀರ್ಮಾನವಾಯಿತು.

ಇಲ್ಲಿಂದ ಶುರು ನಿಜವಾದ ತಮಾಷೆ. ಮೊದಲು ಮನುಷ್ಯ ಮಣ್ಣನ್ನೆಲ್ಲ ಮುಚ್ಚಿ ಗಟ್ಟಿ ರಸ್ತೆ ಮಾಡಿದ. ಆಮೇಲೆ ರಸ್ತೆ ಗಟ್ಟಿ ಅಂತ ಶೂ ಅಡಿಗೆ ಫೋಮ್ ಹಾಕಿದ. ಫೋಮ್ ಜಾಸ್ತಿ ಮೆತ್ತಗಾಯ್ತು ಅಂತ ಅದರೊಳಗೆ ಗಟ್ಟಿ ಕಾರ್ಬನ್ ಪ್ಲೇಟ್ ತೂರಿಸಿದ. ಪ್ಲೇಟ್ ಬಂದಮೇಲೆ ಫೋಮ್ ಇನ್ನಷ್ಟು ದಪ್ಪವಾಯಿತು. ಕೊನೆಗೆ 2020ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ ಸ್ಕೇಲು ಹಿಡಿದು ಬರಬೇಕಾಯಿತು: ರಸ್ತೆ ಓಟದ ಶೂ ಅಡಿಯ ದಪ್ಪ 40 ಮಿ.ಮೀ. ದಾಟಬಾರದು, ಒಳಗೆ ಒಂದೇ ಪ್ಲೇಟ್ ಇರಬೇಕು. ಸುಮ್ನೆ ಹೆದರಿಸಲು ಮಾಡಿದ ನಿಯಮ ಅಂದುಕೊಳ್ಳಬೇಡಿ. 2021ರ ವಿಯೆನ್ನಾ ಮ್ಯಾರಥಾನಿನಲ್ಲಿ ಇಥಿಯೋಪಿಯಾದ ಡೆರಾರಾ ಹುರಿಸಾ ಎಲ್ಲರಿಗಿಂತ ಮೊದಲು ಬಂದರು, ರಿಬ್ಬನ್ನಿಗೆ ಎದೆ ಕೊಟ್ಟರು, ಸ್ವಲ್ಪ ಹೊತ್ತಿನಲ್ಲೇ ಅನರ್ಹರಾದರು. ಶೂ ಅಡಿ 5 ಸೆಂ.ಮೀ. ಇತ್ತು, ಒಂದು ಸೆಂಟಿಮೀಟರ್ ಜಾಸ್ತಿ. ಎರಡು ಗಂಟೆಗಿಂತ ಹೆಚ್ಚು ಓಡಿದ ಮನುಷ್ಯನನ್ನು ಸೋಲಿಸಿದ್ದು ಹತ್ತು ಮಿಲಿಮೀಟರ್ ಸ್ಪಂಜು.

ಹುರಿಸಾ ಅಂಥವರಿಗೆ ಆ ಸ್ಪಂಜಿನಿಂದ ಹೊಟ್ಟೆಪಾಡು. ನಮ್ಮ ಹವ್ಯಾಸಿ ಅಣ್ಣನಿಗೆ? 2017ರಲ್ಲಿ ನೈಕಿ ಕಂಪನಿ ಹೆಸರಿನಲ್ಲೇ ಶೇಕಡಾ 4 ಅಂತಿರುವ ಶೂ ತಂದಿತು. ಆ 4 ಅನ್ನುವುದು ಶಕ್ತಿಯ ಉಳಿತಾಯ, ಸಮಯದ್ದಲ್ಲ. ಅದನ್ನು ಅಳೆದದ್ದೂ ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ ಓಡುವವರ ಮೇಲೆ. ಇದೆಲ್ಲ ಯಾರಿಗೆ ಬೇಕು? ಅಣ್ಣನ ಮ್ಯಾರಥಾನಿಗೆ ಹಿಡಿಯುವ ಐದು ಗಂಟೆ ಅಂದರೆ 300 ನಿಮಿಷ, ಅದರ ಶೇಕಡಾ 4 ಅಂದರೆ 12 ನಿಮಿಷ, ಬಿಲ್ ಕೊಡುವ ಹೊತ್ತಿಗೇ 12 ನಿಮಿಷ ಜೇಬಿಗೆ ಬಿತ್ತು. ಆಮೇಲೆ ಆ ಶೂವನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಸವೆಯುತ್ತದಲ್ಲ! ರೇಸ್ ದಿನ ಮಾತ್ರ ಹಾಕುತ್ತಾರೆ, ಅದೂ ಶೌಚಾಲಯದ ಸಾಲಿನಲ್ಲಿ ಹಳೆ ಚಪ್ಪಲಿ ಹಾಕಿ ನಿಂತು, ಶೂವನ್ನು ಕಂಕುಳಲ್ಲಿ ಇಟ್ಟುಕೊಂಡು.

ಇದಕ್ಕೆ ಎದುರು ಪಕ್ಷವೂ ಇದೆ, ಬರಿಗಾಲಿನವರದ್ದು. ಅವರ ಮನೆದೇವರು ಇಥಿಯೋಪಿಯಾದ ಮ್ಯಾರಥಾನ್ ಓಟಗಾರ ಅಬೆಬೆ ಬಿಕಿಲಾ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಕಲ್ಲುಹಾಸಿನ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿ 2:15:16ರಲ್ಲಿ ಚಿನ್ನ ಗೆದ್ದರು. ಪ್ರವಚನ ಇಲ್ಲಿಗೆ ನಿಲ್ಲುತ್ತದೆ. ಅದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು 2:12:11ರಲ್ಲಿ ಮತ್ತೆ ಗೆದ್ದರು ಅನ್ನುವ ಉತ್ತರಾರ್ಧ ಯಾವ ಭಕ್ತನಿಗೂ ಬಾಯಿಗೆ ಬರುವುದಿಲ್ಲ. ಬರಿಗಾಲಿನ ಭಕ್ತರು ಕೂಡ ಕೊನೆಗೆ ಮಾಡಿದ್ದೇನು? ಬರಿಗಾಲಿನ ಹಾಗೆ ಅನಿಸುವ ಶೂ ಕೊಂಡರು. ಐದು ಬೆರಳಿಗೂ ಬೇರೆ ಬೇರೆ ಚೀಲ ಇರುವಂಥದ್ದು.

ನೆಲದ ಸಹವಾಸವೇ ಬೇಡ ಅನ್ನುವವರು ಟ್ರೆಡ್‌ಮಿಲ್ ಹತ್ತುತ್ತಾರೆ. ಇದರ ಪೂರ್ವಜ 1818ರ ಸುಮಾರಿಗೆ ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರ್ ಕೈದಿಗಳಿಗಾಗಿ ಮಾಡಿಕೊಟ್ಟ ಮೆಟ್ಟಿಲುಚಕ್ರ. ದಿನಗಟ್ಟಲೆ ಹತ್ತಬೇಕು, ಎಲ್ಲಿಗೂ ತಲುಪಬಾರದು. ಶಿಕ್ಷೆ ತೀರಾ ಜಾಸ್ತಿಯಾಯಿತು ಅಂತ 1898ರ ಕಾನೂನು ಬಂದ ಮೇಲೆ ಅದನ್ನು ಕೈಬಿಟ್ಟರು. ಈಗ ಜನ ಚಂದಾ ಕಟ್ಟಿ, ಸರದಿ ನಿಂತು ಹತ್ತುತ್ತಾರೆ. ಹತ್ತಿದ ತಕ್ಷಣ ಬಟನ್ ಒತ್ತಿ ಶೇಕಡಾ 1 ಏರು ಹಾಕಬೇಕು, ಇಲ್ಲದಿದ್ದರೆ ಅದು ಓಟವೇ ಅಲ್ಲವಂತೆ. ಈ ಆಜ್ಞೆ 1996ರ ಒಂದು ಅಧ್ಯಯನದಿಂದ ಬಂದದ್ದು. ಅದು ಹೇಳಿದ್ದು ಹೊರಗಿನ ಗಾಳಿಯ ತಡೆಗೆ ಸಮ ಮಾಡುವ ವಿಷಯ, ಗಂಟೆಗೆ ಸುಮಾರು 10.5ರಿಂದ 18 ಕಿ.ಮೀ. ವೇಗದವರಿಗೆ. ಗಂಟೆಗೆ 6 ಕಿ.ಮೀ. ನಡೆಯುತ್ತಾ ಫೋನಿನಲ್ಲಿ ಮಾತಾಡುವವರನ್ನು ಯಾವ ಗಾಳಿ ತಡೆಯುತ್ತದೋ ನನಗೆ ಗೊತ್ತಾಗಲಿಲ್ಲ. ಅವರೂ ಶೇಕಡಾ 1 ಹಾಕಿರುತ್ತಾರೆ.

ನೆಲ, ಶೂ ಆಯಿತು. ಇನ್ನು ಉದ್ದ. ಮ್ಯಾರಥಾನ್ 42.195 ಕಿ.ಮೀ. ಯಾಕೆ? 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಯಬೇಕಿತ್ತು. ಅದಕ್ಕೆ ಎಷ್ಟು ದೂರ ಬೇಕೋ ಅಷ್ಟಾಯಿತು. 1921ರಲ್ಲಿ ಅದೇ ದೂರ ಶಾಶ್ವತವಾಯಿತು. ಅಂದು ಯಾರೋ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಹಾಕಿದ್ದರೆ ಇವತ್ತು ಲಕ್ಷಾಂತರ ಜನರ ತೊಡೆ ಸ್ವಲ್ಪ ಬೇಗ ಉಸಿರಾಡುತ್ತಿತ್ತು.

ಆ ಸಂಖ್ಯೆಯನ್ನು ಈಗ ಹೇಗೆ ಅಳೆಯುತ್ತಾರೆ ಗೊತ್ತಾ? ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆಯ ಯಂತ್ರ ಕಟ್ಟುತ್ತಾರೆ. ಓಡಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವಿನಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು, ಸೈಕಲ್ ತುಳಿಯುತ್ತಾರೆ. ಕೊನೆಗೆ, ಕಡಿಮೆ ಬೀಳುವುದು ಬೇಡ ಅಂತ ಸಾವಿರಕ್ಕೆ ಒಂದರಂತೆ ಸೇರಿಸುತ್ತಾರೆ. ಮ್ಯಾರಥಾನಿಗೆ 42 ಮೀಟರ್ ಎಕ್ಸ್‌ಟ್ರಾ. ಇಷ್ಟು ಶಾಸ್ತ್ರೋಕ್ತವಾಗಿ ಅಳೆದ ದಾರಿಯಲ್ಲಿ ನಮ್ಮ ಅಣ್ಣ ಹೇಗೆ ಓಡುತ್ತಾನೆ? ಎಡಕ್ಕೆ ನೀರಿನ ಟೇಬಲ್ಲು ಕಂಡರೆ ಎಡಕ್ಕೆ, ಬಲಕ್ಕೆ ಕ್ಯಾಮೆರಾ ಕಂಡರೆ ಬಲಕ್ಕೆ, ತಿರುವು ಬಂದರೆ ಹೊರಗಿನ ಸುತ್ತು. ಆಮೇಲೆ ಫಿನಿಶ್ ಲೈನ್ ದಾಟುತ್ತಾನೆ. ಮೊದಲು ಕೈ ಹೋಗುವುದು ಎದೆಗಲ್ಲ, ನೀರಿಗಲ್ಲ, ಗಡಿಯಾರಕ್ಕೆ. ಬೆವರಿಗೆ ಬಟನ್ ಜಾರುತ್ತದೆ, ಮತ್ತೆ ಒತ್ತುತ್ತಾನೆ, ಹಾಗಾಗಿ ಎಲ್ಲರ ಫಿನಿಶ್ ಫೋಟೋದಲ್ಲೂ ಮುಖದ ಬದಲು ನೆತ್ತಿ ಬಂದಿರುತ್ತದೆ. ಗಡಿಯಾರ 42.8 ಅನ್ನುತ್ತದೆ. ಅಷ್ಟೇ ಸಾಕು. "ಕೋರ್ಸ್ ಉದ್ದ ಇತ್ತು!" ಕೊರಳಿಗೆ ಮೆಡಲ್ ಹಾಕಲು ಬಂದ ಹುಡುಗಿಗೇ ದೂರು ಶುರು. ಎತ್ತರದ ಕಟ್ಟಡಗಳ ಮಧ್ಯೆ ಜಿಪಿಎಸ್ ಅಡ್ಡಾದಿಡ್ಡಿ ಗೆರೆ ಎಳೆಯುತ್ತದೆ ಅಂತ ಹೇಳಿ ನೋಡಿ. ಉಪಗ್ರಹ ಸುಳ್ಳು ಹೇಳುತ್ತದಾ ಅಂತ ನಿಮ್ಮನ್ನೇ ಕೇಳುತ್ತಾನೆ. ಇದೇ ಮನುಷ್ಯ ಮನೆ ಹತ್ತಿರ ಓಡುವಾಗ ಗಡಿಯಾರ 9.97 ತೋರಿಸಿದರೆ ಗೇಟಿನ ಮುಂದೆ ಹಿಂದಕ್ಕೂ ಮುಂದಕ್ಕೂ ಶತಪಥ ತಿರುಗಿ 10.00 ಮಾಡಿಕೊಂಡೇ ಒಳಗೆ ಹೋಗುವುದು.

ಎಲ್ಲ ಡೊಂಕೂ ಕೆಟ್ಟದ್ದಲ್ಲ ಅನ್ನುವುದನ್ನೂ ಹೇಳಬೇಕು. ಕೆಳಮುಖವಾದ ಡೊಂಕಿಗೆ ಭಾರೀ ಬೇಡಿಕೆ ಇದೆ. ಬೋಸ್ಟನ್ ಮ್ಯಾರಥಾನಿಗೆ ಪ್ರವೇಶ ಬೇಕಾದರೆ ಹೆಚ್ಚಿನವರು ಬೇರೆ ಮ್ಯಾರಥಾನಿನಲ್ಲಿ ಇಂತಿಷ್ಟು ಸಮಯದೊಳಗೆ ಓಡಿ ತೋರಿಸಬೇಕು. ಅದಕ್ಕೆ ಜನ ಕಂಡುಕೊಂಡ ದಾರಿ, ಬೆಟ್ಟದ ತುದಿಯಿಂದ ಬುಡಕ್ಕೆ ಓಡುವ ಮ್ಯಾರಥಾನ್. ಓಡುವುದೇನು ಬಂತು, ಉರುಳುವುದು ಅನ್ನಿ. ಇದು ಮಿತಿಮೀರಿ, 2027ರ ಬೋಸ್ಟನ್ ಓಟಕ್ಕೆ ಹೊಸ ನಿಯಮ ತಂದರು: ಹೊರಡುವ ಜಾಗದಿಂದ ಮುಗಿಯುವ ಜಾಗಕ್ಕೆ ನಿವ್ವಳ ಇಳಿತ 1,500 ಅಡಿಗೆ ಮುಟ್ಟಿದರೆ ನಿಮ್ಮ ಸಮಯಕ್ಕೆ 5 ನಿಮಿಷ ದಂಡ, 3,000 ಅಡಿಗೆ 10 ನಿಮಿಷ, 6,000 ಅಡಿಯಾದರೆ ಅರ್ಜಿಯೇ ಬೇಡ. ನ್ಯಾಯವೇ. ಆದರೆ ಬೋಸ್ಟನ್ ಕೋರ್ಸ್ ತಾನೇ ಇಳಿಜಾರು! ಹೊರಡುವ ಜಾಗಕ್ಕಿಂತ ಮುಗಿಯುವ ಜಾಗ 130 ಮೀಟರಿಗೂ ಹೆಚ್ಚು ಕೆಳಗಿದೆ, ಸಾಲದ್ದಕ್ಕೆ ಒಂದೇ ದಿಕ್ಕಿನ ಓಟ. 2011ರಲ್ಲಿ ಜೆಫ್ರಿ ಮುಟಾಯ್ ಅಲ್ಲಿ 2:03:02ರಲ್ಲಿ ಓಡಿದರು. ಅಲ್ಲಿಯವರೆಗೆ ಅಷ್ಟು ವೇಗವಾಗಿ ಮ್ಯಾರಥಾನ್ ಓಡಿದವರೇ ಇರಲಿಲ್ಲ, ಆದರೂ ವಿಶ್ವದಾಖಲೆ ಕೊಡಲಿಲ್ಲ, ಯಾಕಂದರೆ ನೆಲ ಡೊಂಕು. ಇಳಿಜಾರಿಗೆ ದಂಡ ಹಾಕಲು ಕೂತವರೂ ಇಳಿಜಾರಿನಲ್ಲೇ ಕೂತಿದ್ದಾರೆ.

ಇವರೆಲ್ಲರಿಗಿಂತ ಜಾಣರು ನೆಲವನ್ನೇ ಬಿಟ್ಟವರು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಫ್ರೆಡ್ ಲಾರ್ಜ್ ಎಂಬ ಓಟಗಾರ ಸುಸ್ತಾಗಿ ಕಾರು ಹತ್ತಿದ. ಕಾರು ಕೆಟ್ಟು ನಿಂತಿತು, ಇಳಿದು ಓಡಿ ಮೊದಲಿಗನಾಗಿ ಬಂದ, ಸಿಕ್ಕಿಬಿದ್ದ. ಆತನ ಪರವಾಗಿ ಒಂದು ಮಾತು: ಆ ದಿನದ ನೆಲಕ್ಕೆ ನಿಜಕ್ಕೂ ಬೈಯಬಹುದಿತ್ತು. ಮಣ್ಣು ರಸ್ತೆ, ಮುಂದೆ ಹೋಗುವ ಗಾಡಿಗಳ ಧೂಳು, ಬಿಸಿಲು, ನೀರಿಗೆ ಬರ. ಧೂಳು ನುಂಗಿ ಒಬ್ಬ ಓಟಗಾರ ಆಸ್ಪತ್ರೆ ಸೇರಿದ. ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಕುಡಿಸಿದ್ದು ಬ್ರಾಂದಿ ಮತ್ತು ಸ್ಟ್ರಿಕ್ನಿನ್ ಎಂಬ ವಿಷ. ಅವರ್‍ಯಾರೂ ಗ್ರಾಫ್ ತೋರಿಸಲಿಲ್ಲ. 2023ರ ಮೆಕ್ಸಿಕೊ ಸಿಟಿ ಮ್ಯಾರಥಾನಿನಲ್ಲಂತೂ ಸುಮಾರು 11,000 ಮಂದಿ ನಡುವಿನ ಚೆಕ್‌ಪಾಯಿಂಟುಗಳನ್ನು ದಾಟಿಯೇ ಇಲ್ಲ ಅಂತ ವರದಿಯಾಯಿತು. ಅವರ ಮಂಡಿಗಳು ಚೆನ್ನಾಗಿವೆ ಅಂದುಕೊಳ್ಳೋಣ.

ಕೊನೆಗೆ ಒಂದು ಲೆಕ್ಕ. ಅರ್ಥಶಾಸ್ತ್ರಜ್ಞರು ಸುಮಾರು ಒಂದು ಕೋಟಿ ಮ್ಯಾರಥಾನ್ ಫಲಿತಾಂಶ ಗುಡ್ಡೆ ಹಾಕಿ ನೋಡಿದ್ದಾರೆ. ಮೂರು ಗಂಟೆ, ನಾಲ್ಕು ಗಂಟೆಯಂಥ ದುಂಡು ಸಂಖ್ಯೆಗೆ ಸ್ವಲ್ಪ ಮೊದಲು ಫಿನಿಶ್ ಮಾಡಿದವರ ದೊಡ್ಡ ಗುಂಪು, ಆ ಗೆರೆ ದಾಟಿದ ಕೂಡಲೇ ಗುಂಪು ಖಾಲಿ. ಅಂದರೆ 41ನೇ ಕಿಲೋಮೀಟರಿನಲ್ಲಿ ಮಂಡಿ ಹೋಯ್ತು, ಕಾಂಕ್ರೀಟ್ ಕೊಂದುಹಾಕ್ತು ಅಂತ ಕುಂಟುತ್ತಿದ್ದ ಮನುಷ್ಯನಿಗೆ ದೂರದಲ್ಲಿ 3:58 ಅನ್ನುವ ಗಡಿಯಾರ ಕಂಡರೆ ಅದೇ ಕಾಂಕ್ರೀಟಿನ ಮೇಲೆ ಅದೇ ಮಂಡಿ ಚಿಗರೆ ಹಾಗೆ ನೆಗೆಯುತ್ತದೆ. ಪಾಪ, ಕೆಲವರು ನೆಗೆದರೂ ತಪ್ಪಿಸಿಕೊಳ್ಳುತ್ತಾರೆ. 4:00:07. ಅವರು ಈಗ ಫಲಿತಾಂಶದ ಕೌಂಟರಿನ ಮುಂದೆ ನಿಂತಿದ್ದಾರೆ, ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆರೆದಿದ್ದಾರೆ. ಸಾವಿರಕ್ಕೆ ಒಂದು ಅಂತ ಸೇರಿಸಿದ್ದೀರಲ್ಲ ಸಾರ್, ಆ 42 ಮೀಟರಿಗೆ ನನ್ನ ಪೇಸಿನಲ್ಲಿ 14 ಸೆಕೆಂಡು ಆಗುತ್ತೆ, ಅದನ್ನು ಕಳೆದು ಬೇರೆ ಸರ್ಟಿಫಿಕೇಟ್ ಕೊಡಿ.