ಮೇವಿಗೆ ಖರ್ಚಿಲ್ಲವಂತೆ

ನಿನ್ನೆ ರಾತ್ರಿ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಚಿಕ್ಕಮ್ಮನ ಮಗ ಒಂದು ವಿಡಿಯೋ ಕಳುಹಿಸಿದ. ಕೆಳಗೆ "ಅಕ್ಕಾ, ನೀವು ಫೇಮಸ್" ಎಂಬ ಒಕ್ಕಣೆ ಬೇರೆ ಇತ್ತು. ಕಳೆದ ತಿಂಗಳು ಇಬ್ಬರು ಹುಡುಗರು ಕ್ಯಾಮೆರಾ ಹಿಡಿದು ನಮ್ಮ ಹೊಲಕ್ಕೆ ಬಂದಿದ್ದರು. ಅವರು ಅರ್ಧ ದಿನ ತೆಗೆದದ್ದೆಲ್ಲ 11 ನಿಮಿಷವಾಗಿ ಹೊರಬಂದಿದೆ. ತಲೆಬರಹ "ಖರ್ಚಿಲ್ಲದೆ ಲಕ್ಷ ಲಕ್ಷ: ಮೇಕೆ ಎಂಬ ಎಟಿಎಂ". ಅದನ್ನೂ ಸಹಿಸಿಕೊಂಡೆ. ಆದರೆ ಆರನೇ ನಿಮಿಷದಲ್ಲಿ ನಿರೂಪಕ "ಇವರಿಗೆ ಮೇವಿಗೆ ಒಂದು ರೂಪಾಯಿಯೂ ಖರ್ಚಿಲ್ಲ ಸ್ನೇಹಿತರೇ" ಎನ್ನುತ್ತಾನೆ, ಮತ್ತು ಸರಿಯಾಗಿ ಆ ಮಾತಿನ ಹಿಂದೆ ನಮ್ಮತ್ತೆ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ನಡೆದು ಬರುತ್ತಿದ್ದಾರೆ. ನಾಲ್ಕು ಸೆಕೆಂಡಿನ ಆ ದೃಶ್ಯಕ್ಕೆ ಕೊಳಲಿನ ಸಂಗೀತವನ್ನೂ ಹಾಕಿದ್ದಾರೆ.

ನಾನು ಆ ನಾಲ್ಕು ಸೆಕೆಂಡನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಖರ್ಚಿಲ್ಲ ಎಂಬ ಮಾತನ್ನೂ, ಖರ್ಚಾಗುತ್ತಿರುವ ಮನುಷ್ಯರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು, ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಮುಂದಕ್ಕೆ ಹೋಗುವುದಕ್ಕೆ ಒಂದು ಬಗೆಯ ಪ್ರತಿಭೆಯೇ ಬೇಕು.

ನಾವು ಊರಿಗೆ ಬಂದ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಿ ಬೇಸರ ಹಿಡಿಸುವುದಿಲ್ಲ. ಶಿರಾ ತಾಲ್ಲೂಕಿನ ಎರಡೂವರೆ ಎಕರೆ ಒಣ ಭೂಮಿಯಲ್ಲಿ ರಾಗಿ, ಅವರೆ, ತೊಗರಿ, ಒಂದಿಷ್ಟು ಕಡಲೆಕಾಯಿ ಬೆಳೆಯುತ್ತೇವೆ. ಏಳು ಹೆಣ್ಣು ಮೇಕೆ, ಒಂದು ಹೋತ, ಒಂದು ಹಳ್ಳಿಕಾರ್ ಹಸು, ಇಪ್ಪತ್ತರ ಆಚೀಚೆ ನಾಟಿ ಕೋಳಿಗಳು ನಮ್ಮ ಸಂಸಾರದಲ್ಲಿವೆ. ಕೋಳಿಗಳ ಸಂಖ್ಯೆಯನ್ನು ಆಚೀಚೆ ಎಂದು ಹೇಳುವುದಕ್ಕೆ ಕಾರಣ ಮುಂಗುಸಿ.

ಈಗ ಮೇವಿನ ಲೆಕ್ಕಕ್ಕೆ ಬರುತ್ತೇನೆ. ನಮ್ಮತ್ತೆಗೆ 67 ವರ್ಷ. ದಿನಕ್ಕೆ ಎರಡು ಹೊರೆ ಸೊಪ್ಪು ತರುತ್ತಾರೆ, ಬೆಳಿಗ್ಗೆ ಒಂದು, ಸಂಜೆ ಒಂದು. ವಿಡಿಯೋ ನೋಡಿದ ಸಿಟ್ಟಿಗೆ ಇವತ್ತು ಬೆಳಿಗ್ಗೆ ಹೊರೆಯನ್ನು ತಕ್ಕಡಿಗೆ ಹಾಕಿದೆ. 12 ಕೆಜಿ ತೂಗಿತು. ದಿನಕ್ಕೆ 24 ಕೆಜಿ ಎಂದರೆ ವರ್ಷಕ್ಕೆ 8,760 ಕೆಜಿ, ಅಂದರೆ ಎಂಟೂಮುಕ್ಕಾಲು ಟನ್. ಅದು ಒಂದು ಲಾರಿ ಹೊರುವ ಭಾರ, ಮತ್ತು ಅದಕ್ಕೆ ಯುಗಾದಿ, ಗೌರಿ ಹಬ್ಬ, ಜ್ವರ, ಮಂಡಿನೋವು ಯಾವುದಕ್ಕೂ ರಜೆಯಿಲ್ಲ. ಬೇಸಿಗೆಯಲ್ಲಿ ಬೇವು, ಬಸರಿ, ಎಲಚಿಗಳನ್ನು ದೋಟಿಯಲ್ಲಿ ಎಳೆದು ತರಬೇಕು. ಮಳೆಗಾಲದಲ್ಲಿ ಎಲ್ಲೆಲ್ಲೂ ಹಸಿರಿದ್ದರೂ ಹೊಲದಲ್ಲಿ ಬೆಳೆ ನಿಂತಿರುವುದರಿಂದ ಮೇಕೆಗಳನ್ನು ಬಿಡುವಂತಿಲ್ಲ, ಬಿಟ್ಟರೆ ನಮ್ಮ ಹೊಲಕ್ಕಿಂತ ಮೊದಲು ಪಕ್ಕದವರ ಹೊಲಕ್ಕೆ ನುಗ್ಗಿ ನಮಗೆ ಬೈಗುಳ ತಂದುಕೊಡುತ್ತವೆ. ಆಗ ಬದುವಿನ ಅಗಸೆ ಮರದ, ಗೊಬ್ಬರದ ಗಿಡದ ಸೊಪ್ಪನ್ನು ಕುಡುಗೋಲಿನಲ್ಲಿ ಕತ್ತರಿಸಿ ತಂದು ಹಾಕಬೇಕು. ಸೊಪ್ಪು ಪುಕ್ಕಟೆ, ನಿಜ. ಅದು ತಾನಾಗಿ ನಡೆದುಕೊಂಡು ಕೊಟ್ಟಿಗೆಗೆ ಬರುವುದಿಲ್ಲ ಎನ್ನುವುದಷ್ಟೇ ನನ್ನ ತಕರಾರು.

ಬಂದ ಸೊಪ್ಪನ್ನು ಸುಮ್ಮನೆ ನೆಲಕ್ಕೆ ಸುರಿದರೆ ಮುಗಿಯಿತೆಂದು ತಿಳಿಯಬೇಡಿ. "ಆಡು ಮುಟ್ಟದ ಸೊಪ್ಪಿಲ್ಲ" ಎಂದು ಆ ಹುಡುಗನೂ ವಿಡಿಯೋದಲ್ಲಿ ಗಾದೆ ಉದುರಿಸಿದ್ದಾನೆ. ಗಾದೆ ಕಟ್ಟಿದವರು ಮೇಕೆ ಸಾಕಿದವರೇ ಇರಬೇಕು, ಏಕೆಂದರೆ ಅವರು "ಮುಟ್ಟದ" ಎಂದಿದ್ದಾರೆಯೇ ಹೊರತು "ತಿನ್ನದ" ಎಂದಿಲ್ಲ. ಮೇಕೆ ಎಲ್ಲವನ್ನೂ ಮುಟ್ಟುತ್ತದೆ, ಮೂಸುತ್ತದೆ, ತುದಿ ಕಚ್ಚುತ್ತದೆ, ಅರ್ಧವನ್ನು ಬಿಡುತ್ತದೆ. ನೆಲಕ್ಕೆ ಬಿದ್ದು ತುಳಿತಕ್ಕೆ ಸಿಕ್ಕ ಸೊಪ್ಪಿಗೆ ಹಸಿದಿದ್ದರೂ ಬಾಯಿ ಹಾಕುವುದಿಲ್ಲ. ಹಸುವಿನಂತೆ ತಲೆ ತಗ್ಗಿಸಿ ಹುಲ್ಲು ಮೇಯುವ ಜಾತಿ ಅದಲ್ಲ, ತಲೆಯೆತ್ತಿ ಗಿಡದ ಎಲೆ ಕೀಳುವ ಜಾತಿ. ನೆಲದ ಗಿಡ್ಡ ಹುಲ್ಲನ್ನೇ ಮೇಯಲು ಬಿಟ್ಟರೆ ಹಿಕ್ಕೆಯೊಡನೆ ಬಿದ್ದ ಜಂತುಹುಳುಗಳ ಮರಿಗಳು ಹೊಟ್ಟೆ ಸೇರಿ ರಕ್ತ ಹೀರುತ್ತವೆ. ಆದ್ದರಿಂದ ಅತ್ತೆ ಹೊರೆಯನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು, ಮೇಕೆಯ ಮುಖದ ಎತ್ತರಕ್ಕೆ ತೊಲೆಗೆ ನೇತು ಹಾಕುತ್ತಾರೆ. ವಾರಕ್ಕೊಮ್ಮೆ ಒಂದೊಂದರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಲ್ಲಿ ಮಗುಚಿ ನೋಡುತ್ತಾರೆ. ಒಳಗೆ ಕೆಂಪಾಗಿದ್ದರೆ ಸರಿ, ಬಿಳುಚಿಕೊಂಡಿದ್ದರೆ ಜಂತಿನ ಔಷಧಿ. ಈ ವಿದ್ಯೆಯನ್ನು ಅವರು ಯಾವ ತರಬೇತಿಯಲ್ಲೂ ಕಲಿತವರಲ್ಲ. ನಾನು ಇದನ್ನೆಲ್ಲ ಆ ಹುಡುಗರಿಗೆ ಇಪ್ಪತ್ತು ನಿಮಿಷ ವಿವರಿಸಿದೆ, ಅತ್ತೆ ರೆಪ್ಪೆ ಮಗುಚಿಯೂ ತೋರಿಸಿದರು. ವಿಡಿಯೋದಲ್ಲಿ ಅದರ ಸುಳಿವಿಲ್ಲ. ಜಮುನಾಪಾರಿ, ಬೋಯರ್‌ನಂಥ ಹೆಸರುವಾಸಿ ತಳಿಗಳು ಇಲ್ಲವೆಂದು ಅವರಿಗೆ ಮೊದಲೇ ನಿರಾಸೆಯಾಗಿತ್ತು. ಯಮುನೆ, ಚಂಬಲ್ ನದಿಗಳ ನಡುವಿನ ಮೇಕೆಯೋ ದಕ್ಷಿಣ ಆಫ್ರಿಕಾದ ಮೇಕೆಯೋ ಇದ್ದಿದ್ದರೆ ಇನ್ನೂ ನಾಲ್ಕು ನಿಮಿಷ ಕೊಡುತ್ತಿದ್ದರೇನೋ. ನಮ್ಮವು ಈ ಬಿಸಿಲಿಗೂ ಈ ಮುಳ್ಳಿಗೂ ಹುಟ್ಟಿದ ಊರ ಮೇಕೆಗಳು, ಕ್ಯಾಮೆರಾಕ್ಕೆ ಒಗ್ಗುವುದಿಲ್ಲ.

ಅವರ ಮರಿಗಳ ಲೆಕ್ಕ ಇನ್ನೂ ಸೊಗಸಾಗಿದೆ. ಹತ್ತು ಮೇಕೆ, ವರ್ಷಕ್ಕೆ ಎರಡು ಸಲ ಈಯುತ್ತವೆ, ಪ್ರತಿ ಸಲ ಎರಡು ಮರಿ, ಒಟ್ಟು ನಲವತ್ತು ಎಂದು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಬರೆದು ತೋರಿಸುತ್ತಾರೆ. ಮೇಕೆ ಗಬ್ಬದಲ್ಲಿ ಐದು ತಿಂಗಳು ಇರುತ್ತದೆ, ಈದ ಮೇಲೆ ಎರಡು ಮೂರು ತಿಂಗಳು ಮರಿಗಳಿಗೆ ಹಾಲೂಡಿಸಬೇಕು, ಮತ್ತೆ ಮೈಗೂಡಿ ಬೆದೆಗೆ ಬರಬೇಕು. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷಕ್ಕೆ ಮೂರು ಸೂಲು. ಚೊಚ್ಚಲು ಸೂಲಿನಲ್ಲಿ ಹೆಚ್ಚಾಗಿ ಒಂದೇ ಮರಿ. ನಮ್ಮ ಪುಸ್ತಕದಲ್ಲಿ ಬರೆದಿಟ್ಟ ಪ್ರಕಾರ ಕಳೆದ ಎರಡು ವರ್ಷಗಳಲ್ಲಿ ಹುಟ್ಟಿದ ಮರಿಗಳು 27, ಹಾಲು ಬಿಡುವವರೆಗೆ ಉಳಿದವು 20. ಮೂರನ್ನು ಬೀದಿನಾಯಿಗಳು ಹರಿದು ಹಾಕಿದವು, ಎರಡು ಭೇದಿಯಾಗಿ ಹೋದವು, ಎರಡು ಮಳೆಗಾಲದ ಥಂಡಿಗೆ ಎದೆ ಕಟ್ಟಿ ಸತ್ತವು. ಹಸಿರು ಅಕ್ಷರಗಳಲ್ಲಿ ಯಾವ ಮರಿಯೂ ಸಾಯುವುದಿಲ್ಲ.

ಮೇ ತಿಂಗಳಲ್ಲಿ ಕರುಳುಬೇನೆಯ ಲಸಿಕೆ ಹಾಕಿಸಲೇಬೇಕೆಂದು ನಾನು ಒತ್ತಿ ಒತ್ತಿ ಹೇಳಿದ್ದನ್ನೂ ಕತ್ತರಿಸಿದ್ದಾರೆ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನು ಮೇಕೆ ಆಸೆಬುರುಕತನದಿಂದ ಮೇದಾಗ ಕರುಳಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ ವಿಷ ಉಗುಳುತ್ತದೆ, ಸಂಜೆ ಕುಣಿಯುತ್ತಿದ್ದ ಮರಿ ಬೆಳಗಾಗುವುದರೊಳಗೆ ಮರಗಟ್ಟಿ ಬಿದ್ದಿರುತ್ತದೆ. ಪಿಪಿಆರ್, ಅಂದರೆ ಆಡು ಕುರಿಗಳ ಪ್ಲೇಗಿನ ಲಸಿಕೆಯಾದರೋ ಒಮ್ಮೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ, ಇದು ಹಾಗಲ್ಲ, ಪ್ರತಿ ವರ್ಷ ಬೇಕು. ಇಷ್ಟು ಹೇಳಲು ಎರಡು ನಿಮಿಷವೂ ಬೇಕಾಗಿರಲಿಲ್ಲ. ಕೊಳಲಿಗೆ ಜಾಗವಿತ್ತು, ಇದಕ್ಕೆ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಕಪ್ಪು ಮೇಕೆ ಸತ್ತಾಗ ನಾನು ಇದೇ ಫೇಸ್‌ಬುಕ್ಕಿನಲ್ಲಿ "ಹಾವು ಕಚ್ಚಿರಬೇಕು" ಎಂದು ಬರೆದಿದ್ದೆ. ನೀವೆಲ್ಲ ಸಮಾಧಾನ ಹೇಳಿದ್ದಿರಿ. ಹಾವು ಕಚ್ಚಿರಲಿಲ್ಲ. ನಾನು ಫೋನಿನಲ್ಲಿ ಮಾತನಾಡುತ್ತ ರಾಗಿ ಚೀಲದ ಬಾಯಿ ಕಟ್ಟದೆ ಬಿಟ್ಟಿದ್ದೆ, ಅದು ಹಗ್ಗ ಬಿಚ್ಚಿಕೊಂಡು ಬಂದು ಹೊಟ್ಟೆ ಬಿರಿಯುವಷ್ಟು ರಾಗಿ ತಿಂದಿತು. ಕಾಳು ಮಿತಿಮೀರಿದರೆ ಮೇಕೆಯ ಹೊಟ್ಟೆಯಲ್ಲಿ ಹುಳಿಯೆದ್ದು ಇಡೀ ಮೈಗೆ ನಂಜೇರುತ್ತದೆ. ಅಡುಗೆ ಸೋಡಾ ಕಲಸಿ ಕುಡಿಸಿದೆವು, ಡಾಕ್ಟರು ಬರುವಷ್ಟರಲ್ಲಿ ಹೊತ್ತು ಮೀರಿತ್ತು, ಮರುದಿನ ಸಂಜೆ ಹೋಯಿತು. ಅದು ಗಬ್ಬದಲ್ಲಿತ್ತು. ಅತ್ತೆಗೆ ಗೊತ್ತಿತ್ತು, ಇವತ್ತಿನವರೆಗೆ ಒಬ್ಬರ ಮುಂದೆಯೂ ಹೇಳಿಲ್ಲ, ನನ್ನ ಮುಂದೆಯೂ ಹೇಳಿಲ್ಲ. ಹಾಗಾಗಿ ಬೇಡವಾದ ಭಾಗವನ್ನು ಕತ್ತರಿಸಿ ತೆಗೆಯುವ ಕೆಲಸ ಆ ಹುಡುಗರಿಗಿಂತ ಮೊದಲೇ ನನಗೆ ಬರುತ್ತಿತ್ತು ಎಂದು ಒಪ್ಪಿಕೊಂಡು, ಸಿಟ್ಟನ್ನು ಮುಂದುವರಿಸುತ್ತೇನೆ.

ಬೆಳಿಗ್ಗೆ ಗೆಳತಿಯೊಬ್ಬಳು ಫೋನು ಮಾಡಿ, ಇಂಥ ವಿಡಿಯೋ ನೋಡಿಯಾದರೂ ನಾಲ್ಕು ಜನ ಯುವಕರು ಹಳ್ಳಿಗೆ ಬಂದರೆ ಒಳ್ಳೆಯದಲ್ಲವೇ ಎಂದು ಕೇಳಿದಳು. ಬರುತ್ತಾರೆ, ಬಂದಿದ್ದಾರೆ. ಸಾಲ ತೆಗೆದು ತಗಡಿನ ಶೆಡ್ಡು ಕಟ್ಟಿಸಿ, ಮೇವಿನ ಗಿಡ ನೆಡುವ ಮೊದಲೇ ಐವತ್ತು ಮೇಕೆ ತಂದು, ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ "ಶೆಡ್ಡು ಬಾಡಿಗೆಗೆ ಇದೆ" ಎಂದು ಬೋರ್ಡು ಹಾಕಿದವರನ್ನು ನಮ್ಮ ಸುತ್ತಿನಲ್ಲೇ ಮೂವರನ್ನು ಕಂಡಿದ್ದೇನೆ. ದೊಡ್ಡ ಮಟ್ಟದಲ್ಲಿ ಮಾಡಿ ಗೆದ್ದವರು ಇಲ್ಲವೇ ಎಂದು ಅವಳು ಬಿಡದೆ ಕೇಳಿದಳು. ಇದ್ದಾರೆ, ಅವರಿಗೆ ನಮಸ್ಕಾರ. ಅವರು ಆಳಿಗೆ ಸಂಬಳ ಕೊಟ್ಟು, ಮೇವಿಗೆ ದುಡ್ಡು ಕೊಟ್ಟು, ಅದನ್ನು ಖರ್ಚೆಂದು ಬರೆದುಕೊಳ್ಳುತ್ತಾರೆ. ಖರ್ಚಿಲ್ಲ ಎಂದು ಅವರು ಎಂದೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಮಾತನ್ನು ನಮ್ಮಂಥ ಸಣ್ಣವರ ಬಾಯಿಗೆ ತುರುಕುತ್ತಾರೆ, ಏಕೆಂದರೆ ನಮ್ಮ ಮನೆಗಳಲ್ಲಿ ಸೊಪ್ಪು ತರುವವರು ಅತ್ತೆ, ಕೊಟ್ಟಿಗೆ ಗುಡಿಸುವವಳು ಸೊಸೆ, ಇವರಿಬ್ಬರಿಗೂ ಕೂಲಿ ಬರೆಯುವ ಕಾಲಂ ಯಾವ ಪುಸ್ತಕದಲ್ಲೂ ಇಲ್ಲ.

ಇರಲಿ, ಆ ಕಾಲಂ ಹಾಕಿಯೇ ನೋಡೋಣ. ಕಳೆದ ವರ್ಷ ನಾವು ಮಾರಿದ್ದು ಎಂಟು ಮೇಕೆ, ಬಂದದ್ದು 72,000 ರೂಪಾಯಿ. ಔಷಧಿ, ಉಪ್ಪಿನ ಗಡ್ಡೆ, ಹಗ್ಗ, ಸಂತೆಗೆ ಹೋಗುವ ಗಾಡಿ ಬಾಡಿಗೆ ಎಲ್ಲ ಸೇರಿ 6,000 ಕಳೆದರೆ 66,000. ಅತ್ತೆ ದಿನಕ್ಕೆ ನಾಲ್ಕು ಗಂಟೆ ಮೇಕೆಗಳಿಗಾಗಿ ದುಡಿಯುತ್ತಾರೆ, ಅದನ್ನು ಅರ್ಧ ಕೂಲಿ ಎನ್ನಿ. 2024-25ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅದರ ಅರ್ಧದಂತೆ 365 ದಿನಕ್ಕೆ ಸುಮಾರು 63,700 ಆಗುತ್ತದೆ. ಉಳಿದದ್ದು 2,300 ರೂಪಾಯಿ. ನನ್ನ ಕೂಲಿಯನ್ನು ಇನ್ನೂ ಹಾಕಿಲ್ಲ, ಹಾಕುವ ಧೈರ್ಯವೂ ಇಲ್ಲ. ಇದು ಎಟಿಎಂ ಎನ್ನುವುದು ಒಂದು ಅರ್ಥದಲ್ಲಿ ನಿಜವೇ: ಯಾರೋ ಮೊದಲು ಹಾಕಿಟ್ಟ ದುಡ್ಡು ಮಾತ್ರ ಅಲ್ಲಿಂದ ಹೊರಗೆ ಬರುತ್ತದೆ. "ಸ್ವಾವಲಂಬಿ ಕುಟುಂಬ" ಎಂದು ನಮ್ಮನ್ನು ಹೊಗಳಿರುವುದಕ್ಕೂ ಒಂದು ತಿದ್ದುಪಡಿ ಇದೆ. ನಮ್ಮ ಸ್ವಾವಲಂಬನೆಯ ಒಂದು ದೊಡ್ಡ ಪಾಲು ಪ್ರತಿ ತಿಂಗಳ ಮೊದಲ ವಾರ ನಮ್ಮ ಮನೆಯವರ ಮೇಷ್ಟ್ರ ಕೆಲಸದ ಸಂಬಳವಾಗಿ ಬ್ಯಾಂಕಿಗೆ ಬಂದು ಬೀಳುತ್ತದೆ.

ಹಾಗಾದರೆ ಏಕೆ ಸಾಕುತ್ತೀರಿ ಎಂದು ಕೇಳುವವರಿಗೆ, ಮೇಕೆಯನ್ನು ಮೇಕೆಯಷ್ಟೇ ಎಂದು ಲೆಕ್ಕ ಹಾಕಬೇಡಿ ಎನ್ನುತ್ತೇನೆ. ನಮ್ಮ ರಾಗಿ ಹೊಲಕ್ಕೆ ಹೋಗುವುದು ಇವುಗಳ ಹಿಕ್ಕೆ ಮತ್ತು ಹಸುವಿನ ಸಗಣಿ. ಹಿಕ್ಕೆಯನ್ನು ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿಯೇ ಹಾಕಬೇಕು, ಇಲ್ಲವಾದರೆ ಇವು ತಿಂದ ಬಳ್ಳಾರಿ ಜಾಲಿಯ ಕಾಯಿಯ ಬೀಜಗಳೆಲ್ಲ ಹೊಲದಲ್ಲಿ ಮೊಳೆತು ಮುಳ್ಳಿನ ಬೆಳೆ ಬರುತ್ತದೆ. ನಮಗೆ ಒಂದು ವರ್ಷ ಬಂದಿತ್ತು. ತಿಪ್ಪೆಯನ್ನು ಕೆದಕಿ ನೊಣದ ಹುಳು ತಿನ್ನುವ ಕೆಲಸ ಕೋಳಿಗಳದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಕೋಳಿಗಳನ್ನೂ ಒಮ್ಮೆ ತಂದಿದ್ದೆವು, ಮೊಟ್ಟೆ ಧಾರಾಳವಾಗಿ ಕೊಟ್ಟವು, ಆದರೆ ಕಾವಿಗೆ ಕೂರಲಿಲ್ಲ. ಹನ್ನೆರಡು ಮೊಟ್ಟೆಯ ಮೇಲೆ 21 ದಿನ ಮುನಿಸಿಕೊಂಡವಳಂತೆ ಕೂರುವ ನಾಟಿ ಹೇಂಟೆಯೇ ನಮ್ಮ ಮನೆಗೆ ಸರಿಯಾಯಿತು. ರಾಗಿ ಹುಲ್ಲು ಹಸುವಿಗೆ, ತೊಗರಿ ಹೊಟ್ಟು ಮತ್ತು ಕಡಲೆಕಾಯಿ ಬಳ್ಳಿ ಮೇಕೆಗೆ, ಮೇಕೆ ಬಿಟ್ಟ ಕಡ್ಡಿ ಒಲೆಗೆ. ಮಗಳ ಫೀಸು ಕಟ್ಟುವ ವಾರ ಒಂದು ಹೋತ ಸಂತೆಗೆ ಹೋಗುತ್ತದೆ, ಅದು ಹೋಗುವ ದಿನ ನಾನು ಬೇಕೆಂದೇ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿರುತ್ತೇನೆ. ಈ ಸುತ್ತಿನಲ್ಲಿ ಎಲ್ಲಕ್ಕೂ ಬೆಲೆ ಇದೆ, ಎಲ್ಲಕ್ಕಿಂತ ಹೆಚ್ಚಿನ ಬೆಲೆ ಆ ಎರಡು ಹೊರೆಗಿದೆ, ಅದನ್ನೇ ಸೊನ್ನೆ ಎಂದು ಬರೆದರೆ ನನಗೆ ಮೈ ಉರಿಯದೆ ಇರುವುದು ಹೇಗೆ?

ಆ ಹುಡುಗನಿಗೆ ಫೋನು ಮಾಡಿದೆ. "ಮೇಡಂ, ಜನಕ್ಕೆ ಪಾಸಿಟಿವ್ ಆಗಿ ಹೇಳಬೇಕು, ಅಜ್ಜಿ ಶಾಟ್ ಅಂತೂ ಸೂಪರ್ ಬಂದಿದೆ" ಎಂದ.

ಮಧ್ಯಾಹ್ನ ಅತ್ತೆ ಎರಡನೇ ಹೊರೆಗೆ ಹೊರಡುವ ಮೊದಲು ಅವರಿಗೂ ತೋರಿಸಿದೆ. ನನ್ನಷ್ಟೇ ಸಿಟ್ಟು ಅವರಿಗೂ ಬರಲಿ ಎಂಬ ಆಸೆ ನನಗಿತ್ತು. ಕನ್ನಡಕ ಹಾಕಿಕೊಂಡು, ಆ ನಾಲ್ಕು ಸೆಕೆಂಡನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು. ಹಣೆ ಗಂಟಿಕ್ಕಿದಾಗ ಈಗ ಬೈಯುತ್ತಾರೆ ಎಂದುಕೊಂಡೆ.

"ಹೊರೆ ನೋಡಮ್ಮ, ಎಡಕ್ಕೆ ವಾಲೈತೆ. ಅವತ್ತು ಆ ಹುಡ್ಗ ಬ್ಯಾಗ ಬ್ಯಾಗ ಅಂದ, ಸರಿಯಾಗಿ ಕಟ್ಲಿಲ್ಲ ನಾನು. ಇನ್ನೊಂದ್ ಸಲ ಬಂದು ತೆಕ್ಕೊಂಡು ಹೋಗ್ಲಿ ಅಂತ ಹೇಳು" ಎಂದವರೇ ಸಿಂಬೆಯನ್ನು ಕೈಗೆ ತೆಗೆದುಕೊಂಡು ಹೊರಟರು.