ಎಲ್ಲ ರಕ್ತವೂ ಮೂಲವ್ಯಾಧಿಯದಲ್ಲ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಹೊಟ್ಟೆಯ ಎಲ್ಲ ತಕರಾರಿಗೂ ಆರೋಪಿ ಒಬ್ಬನೇ: ಕಾವು. ಮಲ ಗಟ್ಟಿಯಾದರೂ ಕಾವು, ಜುಲಾಬಾದರೂ ಕಾವು, ರಕ್ತ ಬಿದ್ದರೂ ಕಾವು. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬೆವರಿನಲ್ಲಿ ನೀರು ಹೋಗಿ, ಕುಡಿಯುವುದೂ ಕಡಿಮೆಯಾದರೆ ದೊಡ್ಡ ಕರುಳು ಮಲದೊಳಗಿನ ನೀರನ್ನು ಹೀರಿಕೊಳ್ಳುತ್ತದೆ, ಮಲ ಕಲ್ಲಾಗುತ್ತದೆ. ಆದರೆ ಆ ಕಾವು ಮಳೆ ಬಿದ್ದ ಮೇಲೆ ಇಳಿಯಬೇಕಲ್ಲ? ದಸರೆಗೂ ಇಳಿಯದಿದ್ದರೆ ಬಿಸಿಲನ್ನು ಬೈದು ಪ್ರಯೋಜನವಿಲ್ಲ.

ನನ್ನದು ಔಷಧಿ ಅಂಗಡಿ. ಬಂದವರೆಲ್ಲ "ಡಾಕ್ಟರೇ" ಎನ್ನುತ್ತಾರೆ, ನಾನು ಡಾಕ್ಟರಲ್ಲ. ಆದರೆ ನಾಚಿಕೆಯ ವಿಷಯದಲ್ಲಿ ನನಗೆ ತಕ್ಕಮಟ್ಟಿಗೆ ಅನುಭವವಿದೆ. ಮೂಲವ್ಯಾಧಿಯ ಮುಲಾಮು ಬೇಕಾದವರು ಉಳಿದ ಗಿರಾಕಿಗಳು ಹೋಗುವವರೆಗೆ ಮೊಬೈಲ್ ನೋಡುತ್ತ ಪಕ್ಕಕ್ಕೆ ನಿಲ್ಲುತ್ತಾರೆ. ಆಮೇಲೆ ಕಾಗದದಲ್ಲಿ ಸುತ್ತಿ ತಂದ ಹಳೆಯ ಟ್ಯೂಬನ್ನು, ಬುಡದಿಂದ ಮಡಚಿ ಮಡಚಿ ಹಿಂಡಿ ಮುಗಿಸಿದ್ದನ್ನು, ಕೌಂಟರಿನ ಗಾಜಿನ ಮೇಲಿಟ್ಟು "ಇದೇ ಕೊಡಿ" ಎನ್ನುತ್ತಾರೆ. ಹೆಸರು ಬಾಯಿಂದ ಬರುವುದಿಲ್ಲ.

ಜೇವರ್ಗಿ ಕಡೆಯ ಒಬ್ಬ ಹಿರಿಯರು ಹೀಗೇ ತಿಂಗಳುಗಟ್ಟಲೆ ಟ್ಯೂಬು ಒಯ್ಯುತ್ತಿದ್ದರು. "ಕಾಕಾ, ಯಾರಿಗಾದರೂ ತೋರಿಸಿದ್ದೀರಾ?" ಎಂದು ಕೇಳಿದೆ. "ಅದೇನು ತೋರಿಸುವ ಜಾಗವೇನಪ್ಪಾ?" ಎಂದರು. ಮಾತಿಗೆ ಮಾತು ಬೆಳೆದು ಒಂದೊಂದೇ ಹೊರಬಂತು. ಸಂಡಾಸಕ್ಕೆ ಹೋಗಿ ಬಂದ ಮೇಲೂ ಇನ್ನೂ ಇದೆ ಎನ್ನಿಸುತ್ತದೆ, ಮತ್ತೆ ಕುಳಿತರೆ ಏನೂ ಬರುವುದಿಲ್ಲ. ರಕ್ತ ಮಲದೊಳಗೇ ಬೆರೆತಿರುತ್ತದೆ. ಅಂಗಿಯೂ ಮೈಮೇಲೆ ಜೋತುಬಿದ್ದಿತ್ತು. ಶಸ್ತ್ರಚಿಕಿತ್ಸಕರು ಕೈಗವಸು ಹಾಕಿ ಒಂದು ಬೆರಳಿನಿಂದ ಪರೀಕ್ಷಿಸಿದಾಗಲೇ ಗುದನಾಳದಲ್ಲಿ ಗಡ್ಡೆ ಸಿಕ್ಕಿತು. ಆ ಪರೀಕ್ಷೆಗೆ ಹಿಡಿಯುವುದು ಒಂದೆರಡು ನಿಮಿಷ. ಅದು ಕ್ಯಾನ್ಸರ್. ಈಗ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕಲಬುರಗಿ ಕೇಂದ್ರದಲ್ಲಿ ಚಿಕಿತ್ಸೆ ನಡೆದಿದೆ.

ಬಸ್ ನಿಲ್ದಾಣದ ಗೋಡೆಗಳ ಮೇಲೆ "ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ" ಎಂಬ ಚೀಟಿಗಳನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುವುದು ಇದಕ್ಕೇ. ರಕ್ತ ಬೀಳುವವರಲ್ಲಿ ಹೆಚ್ಚಿನವರಿಗೆ ಮೂಲವ್ಯಾಧಿಯೋ ಗುದದ್ವಾರದ ಬಿರುಕೋ ಇರುತ್ತದೆ ಎಂಬುದು ನಿಜ. ಆದರೆ ಒಳಗೆ ನೋಡದೆ ಹೇಳಿದ ಮೂಲವ್ಯಾಧಿ ಬರೀ ಊಹೆ. ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರಬಾರದೆಂಬ ನಿಯಮವೂ ಇಲ್ಲ.

ಇನ್ನು ಕೆಲವರದು ಉಲ್ಟಾ ಕಥೆ. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ಖಾಲಿಯಾಗದಿದ್ದರೆ ದಿನವೇ ಕೆಟ್ಟಿತೆಂದು ಜುಲಾಬಿನ ಗುಳಿಗೆ ನುಂಗುತ್ತಾರೆ, ಮಕ್ಕಳಿಗೆ ಔಡಲೆಣ್ಣೆ ಕುಡಿಸುತ್ತಾರೆ. ದಿನಕ್ಕೆ ಮೂರು ಸಲ ಹೋಗುವುದೂ ಸಹಜ, ವಾರಕ್ಕೆ ಮೂರೇ ಸಲ ಹೋಗುವುದೂ ಸಹಜ. ನೋಡಬೇಕಾದದ್ದು ನಿಮ್ಮದೇ ರೂಢಿ. ಅದು ಕಾರಣವಿಲ್ಲದೆ ಬದಲಾಗಿ ಮೂರು ವಾರ ಕಳೆದರೂ ಹಳೆಯ ಹಾದಿಗೆ ಬರದಿದ್ದರೆ ತೋರಿಸಬೇಕು. ರಕ್ತ ಕಂಡರೆ, ತೂಕ ಇಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಭೇದಿಯಾದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಅಷ್ಟೂ ಕಾಯಬಾರದು. ಇಳಿಹೊತ್ತಿಗೆ ಜ್ವರ, ಹೊಟ್ಟೆನೋವು, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಎಂದಾದರೆ ಕರುಳಿನ ಕ್ಷಯವೂ ಇರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ನೀವು ನುಂಗುವ ಗುಳಿಗೆಗಳ ಕಡೆಗೂ ನೋಡಿ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಕೆಲವು ಬಿಪಿ ಮಾತ್ರೆಗಳು ಹೊಟ್ಟೆ ಕಟ್ಟುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹಲವರಿಗೆ ಭೇದಿ ಮಾಡಿಸುತ್ತದೆ. ಕಬ್ಬಿಣದಿಂದ ಮಲ ಕಪ್ಪಾದರೆ ಹೆದರಬೇಕಿಲ್ಲ. ಆದರೆ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಅದು ಜಠರದ ಕಡೆಯಿಂದ ಸುರಿದ ರಕ್ತವಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ನೋವಿನ ಗುಳಿಗೆಗಳಿಂದಲೂ ಜಠರದಲ್ಲಿ ಹೀಗೆ ರಕ್ತ ಸುರಿಯಬಹುದು; ಮೊಣಕಾಲು ನೋವಿಗೆಂದು ವರ್ಷಗಟ್ಟಲೆ ಡಾಕ್ಟರ ಚೀಟಿ ಇಲ್ಲದೆ ಗುಳಿಗೆ ಕೇಳುವ ಅಜ್ಜಂದಿರ ವಿಷಯದಲ್ಲಿ ನನಗಿರುವ ಭಯ ಇದೇ. ಇನ್ನೊಂದು: ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದರೆ ಟಾನಿಕ್ ಕುಡಿಸಿ ಸುಮ್ಮನಾಗಬಾರದು. ರಕ್ತ ಎಲ್ಲಿ ಸೋರುತ್ತಿದೆ ಎಂದು ಕರುಳಿನಲ್ಲಿ ಹುಡುಕಬೇಕು.

ಹೆಣ್ಣುಮಕ್ಕಳ ಮಲಬದ್ಧತೆಗೆ ಮಾತ್ರ ನನ್ನ ಅಂಗಡಿಯಲ್ಲಿ ಔಷಧಿಯಿಲ್ಲ. ಕತ್ತಲಾಗಲಿ ಎಂದು ತಡೆಯುತ್ತಾರೆ, ಹೋಗಬೇಕಾದೀತೆಂದು ನೀರೇ ಕುಡಿಯುವುದಿಲ್ಲ. ಪದೇ ಪದೇ ತಡೆದರೆ ಸಂಡಾಸಕ್ಕೆ ಕರೆಯುವ ರೂಢಿಯೇ ಗುದನಾಳಕ್ಕೆ ತಪ್ಪುತ್ತದೆ. ಕಟ್ಟಿಸಿದ ಶೌಚಾಲಯದಲ್ಲಿ ಕಟ್ಟಿಗೆ ಒಟ್ಟಿರುವ ಮನೆಯಲ್ಲಿ ಸೊಸೆಗೆ ಇಸಬಗೋಲ ತಂದುಕೊಟ್ಟರೆ ಏನು ಬಂತು? ಜೋಳದ ರೊಟ್ಟಿ, ಪುಂಡಿಪಲ್ಲೆಯಲ್ಲಿ ನಾರಿಗೇನೂ ಕೊರತೆಯಿಲ್ಲ, ಕೊರತೆ ಇರುವುದು ಬಾಗಿಲಿಗೆ ಮತ್ತು ನೀರಿಗೆ.

"ಡಾಕ್ಟರರು ದುಡ್ಡಿಗಾಗಿ ಕೊಲೊನೋಸ್ಕೋಪಿ ಬರೆಯುತ್ತಾರೆ" ಎಂಬ ಮಾತು ಕೇಳುತ್ತಿರುತ್ತೇನೆ. ಕೊಲೊನೋಸ್ಕೋಪಿ ಎಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವುದು. ಮೊದಲು ಆಗಬೇಕಾದದ್ದು ಬೆರಳಿನ ಪರೀಕ್ಷೆ, ರಕ್ತ ಪರೀಕ್ಷೆ, ಎರಡೂ ದುಬಾರಿಯಲ್ಲ. ಅಮೆರಿಕದಲ್ಲಿ ಲಕ್ಷಣವಿಲ್ಲದವರಿಗೂ ಕರುಳಿನ ತಪಾಸಣೆ ಮಾಡುತ್ತಾರೆ, 2021ರಲ್ಲಿ ಅದರ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ನಮ್ಮ ಸರ್ಕಾರಿ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನಲ್ಲೇ ನಿಂತಿದೆ. ಹಾಗಾಗಿ ಲಕ್ಷಣ ಕಂಡಾಗಲಾದರೂ ನಾವೇ ಹೋಗಬೇಕು. ಕರುಳಿನೊಳಗೆ ಬೆಳೆಯುವ ಗೋಳಿಯಂಥ ಸಣ್ಣ ಗಂಟುಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಕಂಡರೆ ಅದೇ ಕೊಳವೆಯಿಂದ ಕತ್ತರಿಸಿ ತೆಗೆಯಬಹುದು. ಪರೀಕ್ಷೆಗಿಂತ ಕಷ್ಟ ಹಿಂದಿನ ದಿನ ಕುಡಿಯುವ ಜುಲಾಬಿನ ನೀರು. ಅದನ್ನು ತಣ್ಣಗೆ ಮಾಡಿ, ಹೇಳಿದ ಅಳತೆಯಷ್ಟು ಕುಡಿಯಿರಿ, ಮಧ್ಯೆ ಬಿಡಬೇಡಿ. ಕರುಳು ಸ್ವಚ್ಛವಾಗದಿದ್ದರೆ ಇಡೀ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿಕೊಳ್ಳಬೇಕಾಗುತ್ತದೆ.